ವರ್ಷದ ಮೇಲೊಂದು ದಿನ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಪ್ರಮಾಣ ಮಾಡಿದವಳು. ವಿಧಿ ನಡೆಸುವ ವೃತ್ತದ ಒಳಗೆ ನಡೆದ ಕೆಲವು ಸಂಗತಿಗಳನ್ನು ಹೊರಗೆ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಅವು ಇಲ್ಲೂ ಬರುವುದಿಲ್ಲ. ವಿಕ್ಕಾ ಅಂದರೆ ಕಳೆದ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದ, ದೇವಿಯನ್ನೂ ಪ್ರಕೃತಿಯನ್ನೂ ಆರಾಧಿಸುವ ಧರ್ಮ. ಅದರ ದೀಕ್ಷೆಯ ಬಗ್ಗೆ ಅಚ್ಚಾಗಿ ಎಲ್ಲರ ಕೈಗೆ ಸಿಗುವಂಥದ್ದು ಬೇಕಾದಷ್ಟಿದೆ. ಅಷ್ಟನ್ನು ಬರೆಯುತ್ತೇನೆ. ಮತ್ತೆ ನನಗೆ ಏನಾಯಿತು ಅನ್ನುವುದನ್ನು.

ನಮ್ಮವರೇ ಕೆಲವರು ಆಗಾಗ ಕೇಳುತ್ತಾರೆ, ಅದಕ್ಕೇ ಬರೆಯಲು ಕೂತೆ. ಬೆಂಗಳೂರಿನಿಂದ ಕೇಳುತ್ತಾರೆ, ಇಲ್ಲಿ ಇಂಗ್ಲೆಂಡಿಗೆ ಓದಲು ಬಂದ ಹುಡುಗಿಯರು ಕೇಳುತ್ತಾರೆ. ಕೋವನ್, ಅಂದರೆ ಒಟ್ಟಿಗೆ ವಿಧಿ ಮಾಡುವ ಸಣ್ಣ ಗುಂಪು, ಸೇರಲೇಬೇಕಾ? ಒಬ್ಬಳೇ ಮಾಡಿಕೊಂಡರೆ ಅದು ಲೆಕ್ಕಕ್ಕಿಲ್ವಾ? ದೀಕ್ಷೆಯ ಮೆಟ್ಟಿಲುಗಳಾದ ಫಸ್ಟ್ ಡಿಗ್ರಿ, ಸೆಕೆಂಡ್ ಡಿಗ್ರಿ ಅಂದರೆ ಏನು? ನಾನು ಎರಡೂ ಕಡೆ ಇದ್ದವಳು. ಮೂರು ವರ್ಷ ಒಬ್ಬಳೇ ಮಾಡಿದೆ. ಆಮೇಲೆ ಏಳು ವರ್ಷ ಕೋವನ್‌ನಲ್ಲಿದ್ದೆ. ಈಗ ಮತ್ತೆ ಒಬ್ಬಳೇ.

ನಮ್ಮೂರು ಮೈಸೂರು. ಕೆಲಸ ನರ್ಸ್. 2012ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಒಂದು ಊರಿಗೆ ಬಂದೆ. ಅಲ್ಲಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ನ್ಯೂ ಫಾರೆಸ್ಟ್. ಹೆಸರಿಗೆ ಹೊಸ ಕಾಡು, ಆದರೆ ವಿಲಿಯಂ ದೊರೆ 1079ರ ಹೊತ್ತಿಗೆ ಬೇಟೆಗೆಂದು ಮೀಸಲಿಟ್ಟ ಕಾಡು ಅದು. ಕುದುರೆಗಳು ತಮ್ಮ ಪಾಡಿಗೆ ರಸ್ತೆ ಮಧ್ಯೆ ನಿಂತಿರುತ್ತವೆ. ಬಸ್ಸಿನವರು ಹಾರ್ನ್ ಮಾಡದೆ ಕಾಯುತ್ತಾರೆ. ರಜೆ ಸಿಕ್ಕಾಗೆಲ್ಲ ಅಲ್ಲಿಗೆ ಹೋಗುತ್ತಿದ್ದೆ. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಮನಸ್ಸಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ನನಗೆ ಚಂದ್ರ ಸಿಕ್ಕಿದ.

ಕಾಡಿನ ನಡುವೆ ಬರ್ಲಿ ಅಂತ ಒಂದು ಹಳ್ಳಿ ಇದೆ. 1950ರ ದಶಕದಲ್ಲಿ ಸಿಬಿಲ್ ಲೀಕ್ ಅನ್ನುವ ಹೆಂಗಸು ಅಲ್ಲಿದ್ದರು. ತಾನು ಮಾಟಗಾತಿ ಅಂತ ಬಹಿರಂಗವಾಗಿ ಹೇಳಿಕೊಂಡು, ಹೆಗಲ ಮೇಲೆ ಜಾಕ್‌ಡಾ ಹಕ್ಕಿ ಕೂರಿಸಿಕೊಂಡು ಓಡಾಡುತ್ತಿದ್ದವರು. ಅವರ ನೆನಪಿನ ಅಂಗಡಿ ಈಗಲೂ ಇದೆ. ಅಲ್ಲಿಗೆ ಹೋಗಿಬಂದ ಮೇಲೆ ವಿಕ್ಕಾ ಬಗ್ಗೆ ಓದಲು ಶುರು ಮಾಡಿದೆ. ಮೊದಲು ಕೈಗೆ ಬಂದದ್ದು ಅಮೆರಿಕದ ಸ್ಕಾಟ್ ಕನಿಂಗ್‌ಹ್ಯಾಮ್ 1988ರಲ್ಲಿ ಒಬ್ಬರೇ ಮಾಡುವವರಿಗೆಂದು ಬರೆದ ಪುಸ್ತಕ. ಕೋವನ್ ಸಿಗದವರು, ಬೇಡ ಅನ್ನುವವರು, ದೂರದ ಊರಲ್ಲಿರುವವರು ಎಲ್ಲರೂ ತಮ್ಮ ಮನೆಯಲ್ಲೇ ಮಾಡಿಕೊಳ್ಳಬಹುದು ಅಂತ ಅದು ಧೈರ್ಯ ಕೊಟ್ಟಿತು. ಇವತ್ತು ಜಗತ್ತಿನಾದ್ಯಂತ ಸಾಲಿಟರಿ ಅನ್ನಿಸಿಕೊಳ್ಳುವವರಲ್ಲಿ ಎಷ್ಟೋ ಜನ ಆ ಬಾಗಿಲಿಂದಲೇ ಒಳಗೆ ಬಂದವರು.

2013ರ ಅಕ್ಟೋಬರ್ 31, ಸಾವಿನ್ ಅನ್ನುವ ವಿಕ್ಕಾ ಹಬ್ಬದ ರಾತ್ರಿ, ನನ್ನ ಬಾಡಿಗೆ ಕೋಣೆಯಲ್ಲಿ ನಾನೇ ನನ್ನನ್ನು ಒಪ್ಪಿಸಿಕೊಂಡೆ. ಇದಕ್ಕೆ ಸೆಲ್ಫ್ ಡೆಡಿಕೇಶನ್ ಅನ್ನುತ್ತಾರೆ. ಒಂದು ಬಟ್ಟಲು ನೀರು, ಚಿಟಿಕೆ ಉಪ್ಪು, ಒಂದು ಮೇಣದ ಬತ್ತಿ, ಕಿಟಕಿ ತೆರೆದು ನಾಲ್ಕು ದಿಕ್ಕಿಗೆ ತಿರುಗಿ ನಾಲ್ಕು ಮಾತು. ಅಲ್ಲಿಂದ ಮೂರು ವರ್ಷ ಹುಣ್ಣಿಮೆ ತಪ್ಪಿಸಿದ್ದು ಕಡಿಮೆ. ಅಮ್ಮ ಒಂಟಿಕೊಪ್ಪಲ್ ಪಂಚಾಂಗದ ಹಾಳೆಯ ಫೋಟೋ ಕಳಿಸುತ್ತಿದ್ದರು. ಅವರಿಗೆ ಅದು ಹಬ್ಬ ತಿಳಿಯಲಿ ಅಂತ, ನನಗೆ ಹುಣ್ಣಿಮೆ ತಿಳಿಯಲಿ ಅಂತ. ರಾತ್ರಿ ಪಾಳಿ ಬಿದ್ದರೆ ವಾರ್ಡಿನ ಕೊನೆಯ ಕಿಟಕಿ ಹತ್ತಿರ ಎರಡು ನಿಮಿಷ ನಿಲ್ಲುತ್ತಿದ್ದೆ. ಅದೇ ನನ್ನ ಪೂಜೆ.

ಅದು ಚಿಕ್ಕದಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕೋವನ್‌ನವರು ಕೆಲವರು ಸಾಲಿಟರಿಗಳ ಬಗ್ಗೆ ಮಾತಾಡುವಾಗ ದನಿಯಲ್ಲೇ ಒಂದು ಮೆಟ್ಟಿಲು ಕೆಳಗಿಡುತ್ತಾರೆ. ಒಬ್ಬಳೇ ಇದ್ದ ಆ ಮೂರು ವರ್ಷದಲ್ಲಿ ನಾನು ಸುಮ್ಮನೆ ಕೂರುವುದನ್ನು ಕಲಿತೆ. ಯಾರೂ ನೋಡದಿದ್ದಾಗಲೂ ಮಾಡುವುದನ್ನು ಕಲಿತೆ. ಆದರೆ ಒಂದು ಕೊರತೆ ಇತ್ತು. ನನ್ನನ್ನು ತಿದ್ದುವವರು ಯಾರೂ ಇರಲಿಲ್ಲ. ನನಗೆ ಇಷ್ಟವಾದದ್ದನ್ನು ಮಾತ್ರ ಮಾಡುತ್ತಿದ್ದೆ, ಕಷ್ಟ ಅನ್ನಿಸಿದ್ದನ್ನು ಮೆಲ್ಲಗೆ ಬಿಟ್ಟುಬಿಡುತ್ತಿದ್ದೆ. ಹಾಗೆ ಬಿಡುತ್ತಿದ್ದೇನೆ ಅನ್ನುವುದೂ ನನಗೆ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ನನ್ನ ಅಜ್ಜಿಯ ವಿಷಯ ಹೇಳಬೇಕು. ನಮ್ಮದು ಲಿಂಗಾಯತರ ಮನೆ. ಎಂಟು ವರ್ಷದವಳಿದ್ದಾಗ ನನಗೆ ದೀಕ್ಷೆ ಆಯಿತು. ಸ್ವಾಮಿಗಳು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟರು, ಕಿವಿಯಲ್ಲಿ ಮಂತ್ರ ಹೇಳಿದರು. ಅವತ್ತಿಂದ ಪೂಜೆ ನನ್ನದೇ ಅಂಗೈಯಲ್ಲಿ, ನಡುವೆ ಪೂಜಾರಿ ಇಲ್ಲ. ‘ಎಲ್ಲ ನಾನೇ ಮಾಡ್ಕೊಳ್ಳೋದಾದ್ರೆ ಸ್ವಾಮಿಗಳು ಯಾಕಜ್ಜಿ ಬೇಕಿತ್ತು?’ ಅಂತ ಕೇಳಿದ್ದೆ. ಅಜ್ಜಿ ವಿಭೂತಿ ತಟ್ಟೆ ಒರೆಸುತ್ತಾ ಹೇಳಿದರು: ‘ಕೊಡಕ್ಕೆ ಒಬ್ಬರು ಬೇಕು ಮಗಾ. ಪೂಜೆ ಮಾತ್ರ ನೀನೇ ಮಾಡ್ಕೋಬೇಕು.’ ಸಾವಿರಾರು ಮೈಲಿ ದೂರದ ಇನ್ನೊಂದು ದಾರಿಯಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ. ನನಗೆ ಇದನ್ನು ಕೊಟ್ಟವರು ಯಾರು? ಯಾರೂ ಇಲ್ಲ. ನಾನೇ ತೆಗೆದುಕೊಂಡಿದ್ದೆ.

ಈ ಪ್ರಶ್ನೆ ವಿಕ್ಕಾದಲ್ಲೇ ಹಳೆಯದು. ವಿಕ್ಕಾವನ್ನು ಹೊರಜಗತ್ತಿಗೆ ತಂದವರು ಜೆರಾಲ್ಡ್ ಗಾರ್ಡ್ನರ್. 1884ರಲ್ಲಿ ಹುಟ್ಟಿದವರು. ಹರೆಯದಲ್ಲೇ ಸಿಲೋನಿಗೆ ಹೋಗಿ ಟೀ ತೋಟದಲ್ಲಿ ದುಡಿದರು, ಮಲಯದಲ್ಲಿ ಕಸ್ಟಮ್ಸ್ ಅಧಿಕಾರಿಯಾದರು, ಅಲ್ಲಿನ ಕಠಾರಿಗಳ ಬಗ್ಗೆ ಪುಸ್ತಕ ಬರೆದರು. ನಿವೃತ್ತಿಯಾಗಿ ಬಂದ ಮೇಲೆ ಹೈಕ್ಲಿಫ್‌ನಲ್ಲಿ, ಅಂದರೆ ನ್ಯೂ ಫಾರೆಸ್ಟ್ ಅಂಚಿನಲ್ಲೇ, ನೆಲೆಸಿದರು. 1939ರ ಸೆಪ್ಟೆಂಬರಿನಲ್ಲಿ ಅಲ್ಲಿನ ಒಂದು ಹಳೆಯ ಕೋವನ್ ತನಗೆ ದೀಕ್ಷೆ ಕೊಟ್ಟಿತು ಅಂತ ಅವರು ಹೇಳಿಕೊಂಡರು. ಮಾಟದ ವಿರುದ್ಧದ 1735ರ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಅವರ ಪುಸ್ತಕ ಹೊರಬಂತು.

ಗಾರ್ಡ್ನರ್ ಸಿಲೋನಿನಲ್ಲೇ ಫ್ರೀಮೇಸನ್, ಅಂದರೆ ಗುಟ್ಟಿನ ವಿಧಿಗಳಿರುವ ಒಂದು ಹಳೆಯ ಸಂಘದ ಸದಸ್ಯ, ಆಗಿದ್ದವರು. ಮೇಸನ್‌ಗಳಲ್ಲಿ ಮೂರು ಡಿಗ್ರಿ: ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್. ಕಣ್ಣಿಗೆ ಬಟ್ಟೆ ಕಟ್ಟುವುದು, ಹಗ್ಗ, ಎದೆಗೆ ತಾಗುವ ಮೊನೆ, ಗುಟ್ಟು ಬಿಡೆನೆಂಬ ಪ್ರಮಾಣ, ಇವೆಲ್ಲ ಅಲ್ಲೂ ಇವೆ, ವಿಕ್ಕಾದ ಮೊದಲ ಡಿಗ್ರಿಯಲ್ಲೂ ಇವೆ. ಇತಿಹಾಸಕಾರ ರೊನಾಲ್ಡ್ ಹಟ್ಟನ್ 1999ರ ತಮ್ಮ ಪುಸ್ತಕದಲ್ಲಿ ಈ ನಂಟನ್ನು ಬಿಡಿಸಿ ತೋರಿಸಿದ್ದಾರೆ. ಹಾಗಾದರೆ ಇದು ಪುರಾತನ ಅಲ್ವಾ ಅಂತ ಮೊದಲು ಓದಿದಾಗ ನನಗೆ ಬೇಜಾರಾಗಿತ್ತು. ಈಗಿಲ್ಲ. ಎಲ್ಲಿಂದ ಬಂದ ಹಗ್ಗವಾದರೂ ಕಟ್ಟುವುದು ಇವತ್ತಿನ ಕೈಯನ್ನೇ.

ಗಾರ್ಡ್ನರ್ 1953ರಲ್ಲಿ ದೀಕ್ಷೆ ಕೊಟ್ಟ ಡೊರೀನ್ ವ್ಯಾಲಿಯೆಂಟೆ ಅವರನ್ನು ನಾನು ತುಂಬ ಗೌರವಿಸುತ್ತೇನೆ. ಇವತ್ತು ಕೋವನ್‌ಗಳಲ್ಲಿ ಹೇಳುವ ಒಳ್ಳೆಯ ಗದ್ಯ, ಪದ್ಯದಲ್ಲಿ ಜಾಸ್ತಿ ಪಾಲು ಅವರದು. ಪರಂಪರೆಯ ಒಳಗೇ ಇದ್ದ ಅವರು 1978ರ ಪುಸ್ತಕವೊಂದರಲ್ಲಿ ತಾವೇ ದೀಕ್ಷೆ ತೆಗೆದುಕೊಳ್ಳುವ ವಿಧಿಯನ್ನು ಅಚ್ಚು ಹಾಕಿಸಿದರು. ದೀಕ್ಷೆ ಪಡೆದವರೇ ದೀಕ್ಷೆ ಕೊಡಬೇಕು ಅಂದರೆ ಮೊಟ್ಟಮೊದಲಿನವರಿಗೆ ಕೊಟ್ಟವರು ಯಾರು ಅಂತ ಕೇಳಿದರು. ಇದಕ್ಕೆ ಎದುರು ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ. ಆದರೂ ನಾನು ಕೋವನ್ ಹುಡುಕಿಕೊಂಡು ಹೊರಟೆ.

ಮೊದಲು ಸಿಕ್ಕ ಗುಂಪು ಸರಿ ಇರಲಿಲ್ಲ. ಮೂರು ಡಿಗ್ರಿಗೂ ಒಂದೊಂದು ಶುಲ್ಕ ಇತ್ತು, ವಾರಾಂತ್ಯದ ತರಗತಿ ಇತ್ತು, ಕೊನೆಗೆ ಸರ್ಟಿಫಿಕೇಟ್. ಎರಡು ಸಲ ಹೋದೆ. ಎರಡನೇ ಸಲ ಅಲ್ಲಿನ ಮುಖ್ಯಸ್ಥರು ನನ್ನ ಸಂಬಳ ಎಷ್ಟು ಅಂತ ಕೇಳಿದರು. ಮತ್ತೆ ಹೋಗಲಿಲ್ಲ. ಇದನ್ನು ಓದುತ್ತಿರುವ ಹುಡುಗಿಯರು ಇಷ್ಟು ನೆನಪಿಟ್ಟುಕೊಳ್ಳಿ: ಗಾರ್ಡ್ನರ್ ಪರಂಪರೆಯಲ್ಲಿ ದೀಕ್ಷೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಮೇಣದ ಬತ್ತಿಗೆ, ತಿಂಡಿಗೆ ಎಲ್ಲರೂ ಹಂಚಿಕೊಂಡು ಹಾಕುತ್ತಾರೆ, ಅಷ್ಟೇ. ಅವಸರ ಮಾಡುವವರನ್ನು, ಒಂದೇ ರಾತ್ರಿಯಲ್ಲಿ ಒಪ್ಪು ಅನ್ನುವವರನ್ನು, ದೇಹದ ವಿಷಯದಲ್ಲಿ ಬಲವಂತ ಮಾಡುವವರನ್ನು ಬಿಟ್ಟು ಎದ್ದು ಬನ್ನಿ. ಯಾವ ಡಿಗ್ರಿಯೂ ಅದಕ್ಕಿಂತ ದೊಡ್ಡದಲ್ಲ.

ಆಮೇಲೆ ಮೂಟ್‌ಗೆ ಹೋಗತೊಡಗಿದೆ. ಮೂಟ್ ಅಂದರೆ ಪೇಗನ್ ಜನ, ಅಂದರೆ ವಿಕ್ಕಾದಂಥ ಪ್ರಕೃತಿ ಆರಾಧನೆಯ ದಾರಿಗಳವರು, ತಿಂಗಳಿಗೊಮ್ಮೆ ಯಾವುದಾದರೂ ಪಬ್‌ನಲ್ಲಿ ಸೇರಿ ಹರಟುವುದು. ಯಾರು ಬೇಕಾದರೂ ಹೋಗಬಹುದು. ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಯಾವಾಗಲೂ ಮೂಲೆಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಅವರು ಒಂದು ಕೋವನ್‌ನ ಹೈ ಪ್ರೀಸ್ಟೆಸ್, ಅಂದರೆ ಅದನ್ನು ನಡೆಸುವ ಹಿರಿಯ ಪೂಜಾರಿಣಿ, ಅಂತ ಗೊತ್ತಾಗಲು ನನಗೆ ಐದು ತಿಂಗಳು ಬೇಕಾಯಿತು. ಅವರಾಗಿ ಹೇಳಲಿಲ್ಲ. ಕರೆಯುವ ಪದ್ಧತಿ ಇಲ್ಲ. ನಾವೇ ಕೇಳಬೇಕು. 2016ರ ಬೇಸಿಗೆಯಲ್ಲಿ ಕೇಳಿದೆ. ‘ಯಾಕೆ?’ ಅಂದರು. ‘ನನ್ನನ್ನು ತಿದ್ದುವವರು ಬೇಕು’ ಅಂದೆ. ಹೆಣಿಗೆ ಕೆಳಗಿಟ್ಟರು. ‘ತಿದ್ದಿದರೆ ನೋವಾಗುತ್ತೆ’ ಅಂದರು. ‘ಅಕ್ಟೋಬರ್ ಮೊದಲ ಗುರುವಾರ ಮನೆಗೆ ಬಾ. ಅಂದಿನಿಂದ ಒಂದು ವರ್ಷದ ಮೇಲೊಂದು ದಿನ. ಅಷ್ಟು ದಿನ ನೀನು ನಮ್ಮನ್ನು ನೋಡು. ನಾವು ನಿನ್ನನ್ನು ನೋಡುತ್ತೇವೆ.’

ಆ ವರ್ಷ ಹೊರವೃತ್ತದ ವರ್ಷ. ದೀಕ್ಷೆ ಆಗದವರಿಗೆ ಕಲಿಸುವ ಗುಂಪು ಅದು. ಏನು ಕಲಿಸಿದರು ಅಂದರೆ, ನೆಲ ಗುಡಿಸುವುದು. ಇದ್ದಲು ಹೊತ್ತಿಸಿ ಸಾಂಬ್ರಾಣಿ ಸುಡುವುದು. ಜೇನು ಹಾಕಿ ಅರ್ಧಚಂದ್ರದ ಬಿಸ್ಕತ್ತು ಮಾಡುವುದು. ಎಂಟು ಹಬ್ಬಗಳ ಕಥೆ. ಬಾಯಿಪಾಠ. ಎಲ್ಲ ಮುಗಿದ ಮೇಲೆ ಪಾತ್ರೆ ತೊಳೆಯುವುದು. ಜೊತೆಗೆ ಶುರು ಮಾಡಿದ ನಾಲ್ವರಲ್ಲಿ ಇಬ್ಬರು ಡಿಸೆಂಬರಿನ ಯೂಲ್ ಹಬ್ಬದ ಹೊತ್ತಿಗೆ ಬಿಟ್ಟರು. ಪಾತ್ರೆ ತೊಳೆಯುವಾಗಲೇ ಜಾಸ್ತಿ ಮಾತು ಆಗುತ್ತಿತ್ತು. ಯಾರಿಗೆ ಯಾರ ಮೇಲೆ ಸಿಟ್ಟಿದೆ, ಯಾರ ಅಮ್ಮನಿಗೆ ಹುಷಾರಿಲ್ಲ, ಎಲ್ಲ ಸಿಂಕಿನ ಹತ್ತಿರವೇ ತಿಳಿಯುತ್ತಿತ್ತು. ಕೋವನ್‌ಗೆ ಬೇಕಾದ ನಂಬಿಕೆ ಬೆಳೆಯುವುದು ಅಲ್ಲೇ ಅಂತ ನನಗೆ ಈಗ ಅನ್ನಿಸುತ್ತೆ.

ಎರಡು ವಿಷಯ ನನ್ನನ್ನು ಕಾಡುತ್ತಿದ್ದವು. ಒಂದು, ಬಟ್ಟೆ. ಗಾರ್ಡ್ನರ್ ಪರಂಪರೆಯಲ್ಲಿ ಒಳವೃತ್ತದ ವಿಧಿಗಳನ್ನು ಬೆತ್ತಲೆಯಾಗಿ ಮಾಡುತ್ತಾರೆ. ನಿಲುವಂಗಿ ಹಾಕುವ ಕೋವನ್‌ಗಳೂ ಇವೆ, ನಮ್ಮದು ಹಾಗಿರಲಿಲ್ಲ. ಆರು ತಿಂಗಳು ಮೊದಲೇ ಹೇಳಿದರು. ಆಗದು ಅನ್ನಿಸಿದರೆ ಹೊರವೃತ್ತದಲ್ಲೇ ಇರಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ ಅಂದರು. ನಾನು ಎಷ್ಟೋ ರಾತ್ರಿ ನಿದ್ದೆಗೆಟ್ಟೆ. ಮೈಸೂರಿನ ಮನೆಯ ನಡುಮನೆಯಲ್ಲಿ ಅಕ್ಕಮಹಾದೇವಿಯ ಪಟ ಇತ್ತು, ಮೈತುಂಬ ಕೂದಲು ಹೊದ್ದು ನಿಂತದ್ದು. ಅಜ್ಜಿ ದಿನಾ ಅದಕ್ಕೆ ಹೂ ಇಡುತ್ತಿದ್ದರು. ಆ ಪಟ ಕಣ್ಣಮುಂದೆ ಬರುತ್ತಿತ್ತು. ಅಕ್ಕನ ದಾರಿ ಬೇರೆ, ಇದು ಬೇರೆ, ನನಗೆ ಗೊತ್ತು. ಆದರೆ ಮೈ ಅಂದರೆ ನಾಚಿಕೆ ಮಾತ್ರ ಅಲ್ಲ ಅಂತ ಮೊದಲು ಹೇಳಿಕೊಟ್ಟದ್ದು ಆ ಪಟವೇ. ಒಪ್ಪಿದೆ.

ಇನ್ನೊಂದು, ನನ್ನ ಕೊರಳಿನ ಇಷ್ಟಲಿಂಗ. ಅದನ್ನು ತೆಗೆಯುವ ಮಾತೇ ಇಲ್ಲ. ತೆಗೆ ಅಂದರೆ ವಾಪಸ್ ಹೋಗುವುದು ಅಂತ ನಿರ್ಧಾರ ಮಾಡಿಕೊಂಡೇ ಕೇಳಿದೆ. ಹೈ ಪ್ರೀಸ್ಟೆಸ್ ಹೇಳಿದರು: ‘ನಮ್ಮಲ್ಲಿ ಹೆಂಗಸರು ವೃತ್ತದಲ್ಲಿ ಕೊರಳಿಗೆ ಸರ ಹಾಕಿಯೇ ಇರುತ್ತಾರೆ. ನಿನಗೆ ಅದೇ ಇರಲಿ.’ ಇದು ಸರ ಅಲ್ಲ ಅಂದೆ. ‘ಮತ್ತೇನು, ಹೇಳು’ ಅಂದರು. ಒಂದು ಗಂಟೆ ಕೂತು ಕೇಳಿದರು. ಕೊನೆಗೆ ತಮ್ಮ ಎಡ ಅಂಗೈಯನ್ನು ತಾವೇ ಒಮ್ಮೆ ನೋಡಿಕೊಂಡರು.

2017ರ ಅಕ್ಟೋಬರಿನಲ್ಲಿ ಮೊದಲ ಡಿಗ್ರಿ ಆಯಿತು.

ವಿಧಿಯ ಬಗ್ಗೆ ಬರೆಯಲಾರೆ. ಅದಕ್ಕೂ ಮುಂಚಿನ ಮುಕ್ಕಾಲು ಗಂಟೆಯ ಬಗ್ಗೆ ಬರೆಯಬಹುದು. ಸ್ನಾನ ಮಾಡಿಸಿ, ಒಂದು ದೊಡ್ಡ ಟವೆಲ್ ಹೊದಿಸಿ, ನನ್ನನ್ನು ಅಡುಗೆಮನೆಯಲ್ಲಿ ಒಂದು ಮರದ ಕುರ್ಚಿ ಮೇಲೆ ಕೂರಿಸಿ ಹೋದರು. ದೀಪ ಆರಿಸಿದ್ದರು. ವಾಷಿಂಗ್ ಮಶೀನಿನ ಒಂದು ಹಸಿರು ಚುಕ್ಕಿ ಮಾತ್ರ ಕಾಣುತ್ತಿತ್ತು. ಕೂದಲಿಂದ ನೀರು ಬೆನ್ನಿಗೆ ಇಳಿಯುತ್ತಿತ್ತು. ಕಾಲ ಕೆಳಗೆ ಟೈಲ್ಸ್ ಮಂಜುಗಡ್ಡೆ. ಪಕ್ಕದ ಕೋಣೆಯಲ್ಲಿ ಸೋಫಾ ಎಳೆಯುವ ಸದ್ದು, ಜಾಗ ಮಾಡುತ್ತಿದ್ದರು. ಒಂಬತ್ತು ಅಡಿಯ ವೃತ್ತ ಆ ಕೋಣೆಯಲ್ಲಿ ಹಿಡಿಸಬೇಕಲ್ಲ. ಆಮೇಲೆ ಸದ್ದು ನಿಂತಿತು. ಆ ಮೌನದಲ್ಲಿ ನನಗೆ ಒಂದೇ ಯೋಚನೆ: ಈಗಲೂ ಎದ್ದು ಹೋಗಬಹುದು, ಹಿಂಬಾಗಿಲು ಮೂರೇ ಹೆಜ್ಜೆ. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಬೇಕೆಂದೇ ಹಾಕಿರಲಿಲ್ಲ ಅಂತ ಎಷ್ಟೋ ದಿನದ ಮೇಲೆ ಹೇಳಿದರು.

ಈ ಪರಂಪರೆಯಲ್ಲಿ ಗಂಡಸಿಗೆ ಹೆಂಗಸು, ಹೆಂಗಸಿಗೆ ಗಂಡಸು ದೀಕ್ಷೆ ಕೊಡುವುದು ರೂಢಿ. ನನಗೆ ಕೊಟ್ಟವರು ಹೈ ಪ್ರೀಸ್ಟ್. ಜೀವನಪೂರ್ತಿ ಬಸ್ಸು ಓಡಿಸಿ ನಿವೃತ್ತರಾದವರು, ಮಾತು ಕಡಿಮೆ. ಕಣ್ಣಿಗೆ ಬಟ್ಟೆ ಕಟ್ಟಿದ್ದರು, ಹಗ್ಗದ ತುದಿ ಅವರ ಕೈಯಲ್ಲಿತ್ತು. ಇದು ಪುಸ್ತಕಗಳಲ್ಲೇ ಇರುವುದು. ಪುಸ್ತಕದಲ್ಲಿ ಇಲ್ಲದ್ದು ಏನೆಂದರೆ, ಆ ಹಗ್ಗ ನಡುಗುತ್ತಿತ್ತು. ಅವರ ಕೈ ನಡುಗುತ್ತಿತ್ತು. ನಾನು ಹೆದರಿದ್ದೆ ಸರಿ, ಅವರೂ ಹೆದರಿದ್ದರು. ಇಷ್ಟು ವರ್ಷ ದೀಕ್ಷೆ ಅಂದರೆ ನನಗೆ ಏನೋ ಸಿಗುವುದು ಅಂದುಕೊಂಡಿದ್ದೆ. ಕೊಡುವವರ ತಲೆ ಮೇಲೆ ಒಂದು ಭಾರ ಏರುತ್ತೆ ಅಂತ ಅವತ್ತು ಆ ಹಗ್ಗದಲ್ಲಿ ಗೊತ್ತಾಯಿತು. ನನ್ನ ಮುಂದಿನ ತಪ್ಪುಗಳಲ್ಲಿ ಅವರದೂ ಪಾಲು. ಬಾಡಿಗೆ ಕೋಣೆಯಲ್ಲಿ ನಾನೇ ತೆಗೆದುಕೊಂಡ ದೀಕ್ಷೆಯಲ್ಲಿ ಇದು ಇರಲಿಲ್ಲ. ಆಳ ಕಡಿಮೆ ಇತ್ತು ಅಂತಲ್ಲ. ನನ್ನ ಹೊಣೆ ಹೊತ್ತ ಇನ್ನೊಂದು ಜೀವ ಇರಲಿಲ್ಲ.

ಮೊದಲ ಡಿಗ್ರಿ ಆದವರು ಮಾಟಗಾತಿ ಮತ್ತು ಪ್ರೀಸ್ಟೆಸ್ ಅನ್ನಿಸಿಕೊಳ್ಳುತ್ತಾರೆ. ಎರಡನೆಯದಾದರೆ ಹೈ ಪ್ರೀಸ್ಟೆಸ್ ಅನ್ನುವ ಹೆಸರು ಬರುತ್ತೆ, ನಮ್ಮಲ್ಲಿ ಹಿರಿಯರ ಒಪ್ಪಿಗೆ ಇದ್ದರೆ ಬೇರೆಯವರಿಗೆ ಮೊದಲ ಡಿಗ್ರಿ ಕೊಡಬಹುದು. ಮೂರನೆಯದಾದರೆ ಬೇರೆ ಹೋಗಿ ಸ್ವಂತ ಕೋವನ್ ಕಟ್ಟಬಹುದು, ಜೇನುಗೂಡು ಒಡೆದು ಇನ್ನೊಂದು ಆದ ಹಾಗೆ. ಒಂದರಿಂದ ಇನ್ನೊಂದಕ್ಕೆ ಕಡೇಪಕ್ಷ ವರ್ಷದ ಮೇಲೊಂದು ದಿನ. 1960ರ ದಶಕದಲ್ಲಿ ಅಲೆಕ್ಸ್ ಮತ್ತು ಮ್ಯಾಕ್ಸಿನ್ ಸ್ಯಾಂಡರ್ಸ್ ಕಟ್ಟಿದ ಅಲೆಕ್ಸಾಂಡ್ರಿಯನ್ ಪರಂಪರೆಯ ಕೆಲವು ಕೋವನ್‌ಗಳಲ್ಲಿ ಎರಡನೆಯದು, ಮೂರನೆಯದು ಒಟ್ಟಿಗೇ ಕೊಡುವುದೂ ಉಂಟು.

ದೀಕ್ಷೆ ಆದ ಮೇಲಿನ ದೊಡ್ಡ ಕೆಲಸ ಬುಕ್ ಆಫ್ ಶ್ಯಾಡೋಸ್ ನಕಲು ಮಾಡುವುದು. ಕೋವನ್‌ನ ವಿಧಿಗಳೆಲ್ಲ ಇರುವ ಪುಸ್ತಕ. ಝೆರಾಕ್ಸ್ ಇಲ್ಲ, ಫೋಟೋ ಇಲ್ಲ, ಕೈಬರಹವೇ. ಭಾನುವಾರ ಮಧ್ಯಾಹ್ನ ಹೈ ಪ್ರೀಸ್ಟೆಸ್ ಮನೆಯ ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೆ. ಏಳು ತಿಂಗಳು ಹಿಡಿಯಿತು. ಅವರ ಪುಸ್ತಕ ಅವರಿಗೆ ದೀಕ್ಷೆ ಕೊಟ್ಟವರದ್ದರ ನಕಲು, ಅದು ಇನ್ನೊಬ್ಬರದ್ದರ ನಕಲು. ಒಂದು ಕಡೆ ಒಂದು ಪದದಲ್ಲಿ ಅಕ್ಷರ ತಪ್ಪಿತ್ತು. ತಿದ್ದಲಾ ಅಂದೆ. ‘ಬೇಡ. ಅದು ನನ್ನ ಗುರುವಿನ ಗುರು ಮಾಡಿದ ತಪ್ಪು. ಹಾಗೇ ಬರಿ’ ಅಂದರು. ನಾನು ಅವರ ಮುಖವನ್ನೇ ನೋಡಿದವಳಲ್ಲ. ಆದರೆ ಆ ಮಧ್ಯಾಹ್ನ, ಯಾವುದೋ ಕಾಲದಲ್ಲಿ ಯಾರೋ ಸುಸ್ತಾಗಿ ಬರೆಯುವಾಗ ಜಾರಿದ ಪೆನ್ನು ನನ್ನ ಕೈಯಲ್ಲಿ ಮತ್ತೆ ಜಾರಿತು. ಪರಂಪರೆ ಅನ್ನುವುದನ್ನು ಬೆರಳಲ್ಲಿ ಮುಟ್ಟಿದ ಹಾಗಾಯಿತು.

ಇಷ್ಟೆಲ್ಲ ಚೆನ್ನಾಗಿತ್ತು ಅಂತ ಹೇಳಿ, ಕೆಟ್ಟದ್ದನ್ನು ಬಿಟ್ಟರೆ ಸುಳ್ಳಾಗುತ್ತೆ. 2019ರಲ್ಲಿ ನನಗಿಂತ ಆರು ತಿಂಗಳು ತಡವಾಗಿ ದೀಕ್ಷೆಯಾದ ಹುಡುಗನಿಗೆ ಎರಡನೇ ಡಿಗ್ರಿ ಕೊಟ್ಟರು. ನನಗೆ ಕೊಡಲಿಲ್ಲ. ನನಗೆ ಎಷ್ಟು ನೋವಾಯಿತು ಅಂದರೆ ಎರಡು ಹುಣ್ಣಿಮೆ ಹೋಗಲೇ ಇಲ್ಲ, ಪಾಳಿ ಇದೆ ಅಂತ ಸುಳ್ಳು ಹೇಳಿದೆ. ಬಣ್ಣದ ಕಾರಣಕ್ಕಾ, ಭಾಷೆಯ ಕಾರಣಕ್ಕಾ ಅಂತಲೂ ತಲೆಯಲ್ಲಿ ಓಡಿತು. ಡಿಗ್ರಿಗಳ ಕೇಡು ಇದೇ. ಅವು ಇರುವ ಕಡೆ ಹೋಲಿಕೆ ಹುಟ್ಟುತ್ತೆ. ಇದೇ ಕಾರಣಕ್ಕೆ ಕೋವನ್‌ಗಳು ಒಡೆದು ಹೋಗುವುದನ್ನು ನಾನೇ ಕಂಡಿದ್ದೇನೆ. ಒಬ್ಬಳೇ ಇದ್ದಾಗ ಈ ಸಂಕಟ ಇರಲಿಲ್ಲ.

ಕೊನೆಗೆ ನೇರವಾಗಿ ಕೇಳಿದೆ. ಹೈ ಪ್ರೀಸ್ಟೆಸ್ ಅಂದರು: ‘ಎರಡನೆಯದರಲ್ಲಿ ಸಾವಿನ ಮುಂದೆ ನಿಲ್ಲಬೇಕು. ನೀನು ವಾರ್ಡಿನಲ್ಲಿ ದಿನಾ ಸಾವು ನೋಡುತ್ತೀಯ. ಅದರ ಬಗ್ಗೆ ಒಂದು ದಿನವೂ ನಮ್ಮ ಹತ್ತಿರ ಮಾತಾಡಿಲ್ಲ. ಯಾವಾಗ ಆಡುತ್ತೀಯೋ ಆಗ ಕೊಡುತ್ತೇನೆ.’ ನಾನು ಸಿಟ್ಟಲ್ಲೇ ಎದ್ದು ಬಂದೆ.

ಮುಂದಿನ ಮಾರ್ಚಿನಲ್ಲಿ ಲಾಕ್‌ಡೌನ್. ಕೋವನ್ ಸೇರುವಂತಿರಲಿಲ್ಲ. ನಾನು ಕೋವಿಡ್ ವಾರ್ಡಿನಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಟ್ಯಾಬ್ಲೆಟ್ ಹಿಡಿದು, ಸಾಯುವವರ ಮುಖಕ್ಕೆ ಅವರ ಮನೆಯವರ ಮುಖ ತೋರಿಸುತ್ತಿದ್ದೆ. ಕೈ ಸೋತರೂ ಕೆಳಗಿಡುವಂತಿಲ್ಲ. ಹುಣ್ಣಿಮೆಯ ರಾತ್ರಿ ಎಂಟು ಗಂಟೆಗೆ ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲಿ ಬತ್ತಿ ಹಚ್ಚುವುದು ಅಂತಾಯಿತು. ನನಗೆ ಅದು ಹೊಸದಲ್ಲ. ಒಂದು ಬಟ್ಟಲು ನೀರು, ಚಿಟಿಕೆ ಉಪ್ಪು. ಕೈ ತಾನಾಗೇ ನಡೆಯಿತು. ಆದರೆ ನನಗಿಂತ ಮೊದಲೇ ಎರಡನೇ ಡಿಗ್ರಿ ಪಡೆದಿದ್ದ ಆ ಹುಡುಗ ಒಂದು ರಾತ್ರಿ ಫೋನ್ ಮಾಡಿದ. ‘ನಂಗೆ ಒಬ್ಬನೇ ಮಾಡಕ್ಕೆ ಬರಲ್ಲ’ ಅಂದ. ಅವನು ಬಂದದ್ದೇ ನೇರ ಕೋವನ್‌ಗೆ. ಯಾರೋ ಕರೆಯುತ್ತಾರೆ, ಯಾರೋ ಉತ್ತರ ಕೊಡುತ್ತಾರೆ, ಅದರ ನಡುವೆ ನಿಂತೇ ಅಭ್ಯಾಸ. ಬರೀ ತನ್ನದೇ ದನಿ ಕೇಳುವ ಕೋಣೆಯಲ್ಲಿ ಅವನಿಗೆ ಬಾಯಿ ಬರುತ್ತಿರಲಿಲ್ಲ. ‘ಮೊದಲು ಕಿಟಕಿ ತೆಗಿ’ ಅಂದೆ. ಆಮೇಲೆ ಫೋನ್ ಇಡದೆ ಒಂದು ಗಂಟೆ ಅವನ ಜೊತೆ ಇದ್ದೆ. ನಡುವೆ ಎಲ್ಲೋ ನಾನು ಅಳಲು ಶುರು ಮಾಡಿದೆ. ಟ್ಯಾಬ್ಲೆಟ್ ವಿಷಯ ಹೇಳಿದೆ. ಮೊದಲ ಸಲ ಹೇಳಿದ್ದು ಅವನಿಗೆ.

ಎರಡನೇ ಡಿಗ್ರಿ 2022ರಲ್ಲಿ ಆಯಿತು. ಅದರಲ್ಲಿ ಒಂದು ಕಥೆ ಬರುತ್ತೆ, ಗಾರ್ಡ್ನರ್ ಪುಸ್ತಕದಲ್ಲೇ ಅಚ್ಚಾಗಿದೆ. ದೇವಿ ತಾನಾಗಿ ಸಾವಿನ ಲೋಕಕ್ಕೆ ಇಳಿದು ಹೋಗುತ್ತಾಳೆ, ನಾನು ಪ್ರೀತಿಸುವುದನ್ನೆಲ್ಲ ನೀನು ಯಾಕೆ ಒಣಗಿಸುತ್ತೀಯ ಅಂತ ಸಾವನ್ನೇ ಕೇಳುತ್ತಾಳೆ. ಓದಿದಾಗ ಅದು ಕಥೆ. ಅವತ್ತು ರಾತ್ರಿ ನನಗೆ ಪ್ಲಾಸ್ಟಿಕ್ ಚೀಲದ ಸದ್ದು ಕೇಳಿಸಿತು. ಮುಂದಿನದು ಪ್ರಮಾಣದೊಳಗಿನದು.

ಮೂರನೆಯದನ್ನು ನಾನು ತೆಗೆದುಕೊಂಡಿಲ್ಲ. ಅದರ ಕೇಂದ್ರದಲ್ಲಿರುವ ಗ್ರೇಟ್ ರೈಟ್ ಬಗ್ಗೆ ಹೊರಗೆ ಬಹಳ ಕುತೂಹಲ ಇದೆ. ಅದು ಗಂಡು ಹೆಣ್ಣಿನ ಕೂಡುವಿಕೆಯ ವಿಧಿ. ಸಾಮಾನ್ಯವಾಗಿ ಬಟ್ಟಲಿಗೆ ಅಥಾಮೆ ಅನ್ನುವ ಚೂರಿಯ ಮೊನೆ ಇಳಿಸಿ ಸಂಕೇತವಾಗಿ ಮಾಡುತ್ತಾರೆ. ನಿಜವಾಗಿ ಮಾಡುವುದಿದ್ದರೆ ಅದು ಮೊದಲೇ ಜೋಡಿಯಾಗಿರುವವರು, ಬೇರೆ ಯಾರೂ ಇಲ್ಲದೆ. ನಾನು ಬೇಡ ಅಂದದ್ದಕ್ಕೆ ಅದು ಕಾರಣ ಅಲ್ಲ. ಕೋವನ್ ನಡೆಸುವುದು ಅಂದರೆ ಹತ್ತು ಜನರ ರಾತ್ರಿಯ ಫೋನುಗಳಿಗೆ ಎದ್ದು ಕೂರುವುದು. ನರ್ಸ್ ಕೆಲಸದ ಜೊತೆ ಅದು ನನ್ನಿಂದ ಆಗದು.

2023ರಲ್ಲಿ ಕೆಲಸ ಬದಲಾಗಿ ಉತ್ತರದ ಒಂದು ಸಣ್ಣ ಊರಿಗೆ ಬಂದೆ. ಹತ್ತಿರದಲ್ಲಿ ನಮ್ಮ ಪರಂಪರೆಯ ಕೋವನ್ ನನಗೆ ಗೊತ್ತಿದ್ದ ಹಾಗೆ ಇರಲಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್, ವೇಲ್ಸ್ ಸೇರಿ ಸುಮಾರು 13,000 ಜನ ತಮ್ಮ ಧರ್ಮ ವಿಕ್ಕಾ ಅಂತ, 74,000 ಜನ ಪೇಗನ್ ಅಂತ ಬರೆದಿದ್ದಾರೆ. ಅಷ್ಟು ಜನ ಇಡೀ ದೇಶದಲ್ಲಿ ಹರಡಿಕೊಂಡರೆ ಒಂದು ಸಣ್ಣ ಊರಿಗೆ ಎಷ್ಟು ಮಂದಿ ಬರುತ್ತಾರೆ, ನೀವೇ ಹೇಳಿ. ನಾನು ಮತ್ತೆ ಕಿಟಕಿಯ ಹತ್ತಿರ ಬಂದೆ. ಅದೇ ಬಟ್ಟಲು, ಅದೇ ಉಪ್ಪು. ಎರಡು ಡಿಗ್ರಿಯವಳು ಅಂತ ಆ ಕಿಟಕಿಗೆ ಗೊತ್ತಿಲ್ಲ.

ವಾರ್ಡಿನಲ್ಲಿ ಒಬ್ಬ ಕೇರ್ ಅಸಿಸ್ಟೆಂಟ್ ಹುಡುಗಿ ಇದ್ದಾಳೆ. ಮೇ ಒಂದನೇ ತಾರೀಕು ರಜೆ ಬೇಕು ಅಂತ ನಾನೂ ಕೇಳಿದ್ದೆ, ಅವಳೂ ಕೇಳಿದ್ದಳು. ಬೆಲ್ಟೇನ್ ಹಬ್ಬಕ್ಕಾ ಅಂತ ಇಬ್ಬರಿಗೂ ಅನುಮಾನ. ಕೆಲವು ವಾರದ ಮೇಲೆ ಟೀ ಕುಡಿಯುವಾಗ ಬಾಯಿಬಿಟ್ಟಳು. ನನ್ನ ಡಿಗ್ರಿ ಕೇಳಿ ಕಣ್ಣು ಅರಳಿಸಿದಳು. ‘ನಾನು ಸುಮ್ನೆ ಸಾಲಿಟರಿ ಅಷ್ಟೇ’ ಅಂದಳು. ಆ ‘ಸುಮ್ನೆ’ ನನಗೆ ಚುಚ್ಚಿತು. ದೀಕ್ಷೆ ಕೊಡುತ್ತೀರಾ ಅಂತ ಕೇಳಿದಳು. ರೂಢಿಯ ಪ್ರಕಾರ ಹೆಣ್ಣಿಗೆ ನಾನು ಕೊಡುವಂತಿಲ್ಲ, ಹಿರಿಯರ ಒಪ್ಪಿಗೆಯೂ ಬೇಕು, ದಕ್ಷಿಣಕ್ಕೆ ಬರುವುದಾದರೆ ಪರಿಚಯ ಮಾಡಿಸುತ್ತೇನೆ ಅಂದೆ. ‘ಅದಕ್ಕೂ ಮೊದಲು ನೀನು ಏನು ಮಾಡುತ್ತೀಯ ತೋರಿಸು’ ಅಂದೆ.

ಮುಂದಿನ ಭಾನುವಾರ ಮನೆಗೆ ಬಂದಳು. ಚೀಲದಿಂದ ಐದು ನೋಟ್‌ಬುಕ್ ತೆಗೆದಳು. ಶಾಲೆ ಮಕ್ಕಳ ಗೆರೆ ಹಾಕಿದ ನೋಟ್‌ಬುಕ್. ಐದು ವರ್ಷದ ಒಂದೊಂದು ಹುಣ್ಣಿಮೆಗೂ ಒಂದು ಪುಟ. ಮೋಡ ಇತ್ತಾ, ಗಾಳಿ ಎತ್ತ ಕಡೆಯಿಂದ, ಏನು ಹೇಳಿದಳು, ಏನು ಅನ್ನಿಸಿತು, ಏನೂ ಅನ್ನಿಸದಿದ್ದರೆ ಏನೂ ಅನ್ನಿಸಲಿಲ್ಲ ಅಂತ. ಒಂದು ಪುಟದಲ್ಲಿ ಅವಳ ಅಪ್ಪ ತೀರಿಕೊಂಡ ರಾತ್ರಿಗೆ ಅವಳೇ ಕಟ್ಟಿದ ಆರು ಸಾಲು ಇದ್ದವು. ಅಂಥದ್ದು ನಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಇದನ್ನು ನಾನು ಬರೆದುಕೊಳ್ಳಬಹುದಾ ಅಂತ ಕೇಳಿದೆ. ಅವಳಿಗೆ ನಂಬಲಾಗಲಿಲ್ಲ. ಫೋಟೋ ತೆಗೆದುಕೊಳ್ಳಿ ಅಂತ ನನ್ನ ಫೋನಿನ ಕಡೆ ಕೈ ಮಾಡಿದಳು. ಬೇಡ ಅಂದೆ. ಒಂದು ಹೊಸ ಪುಸ್ತಕ ತೆರೆದು, ಪೆನ್ನು ತೆಗೆದು, ಅವಳ ಎದುರೇ ಕೂತು ಬರೆದೆ. ಮೂರನೇ ಸಾಲಿನಲ್ಲಿ ಒಂದು ಪದದ ಕಾಗುಣಿತ ತಪ್ಪಿತ್ತು. ಅಳುತ್ತಾ ಬರೆದದ್ದಿರಬೇಕು. ಹಾಗೇ ಇಳಿಸಿಕೊಂಡೆ.